ಪರೀಕ್ಷೆಯಿಲ್ಲದ ಪದವಿಯನ್ನು ನ್ಯಾಯಾಲಯ ಒಪ್ಪದ ವರ್ಷ

2020ರ ಆಗಸ್ಟ್ 26ರಂದು ತಮಿಳುನಾಡು ಸರ್ಕಾರವು ಹೊರಡಿಸಿದ ಪ್ರಕಟಣೆಯನ್ನು ಕಾಲೇಜಿಗೆ ಹೋಗುವ ಮಕ್ಕಳಿದ್ದ ಮನೆಗಳು ಮರೆತಿರಲಾರವು. ಅಂತಿಮ ಸೆಮಿಸ್ಟರಿನ ಪರೀಕ್ಷೆಯೊಂದನ್ನು ಬಿಟ್ಟು, ಬಾಕಿ ಉಳಿದ ವಿಷಯಗಳಿಗೆ ಶುಲ್ಕ ಕಟ್ಟಿದ್ದವರೆಲ್ಲರೂ ಪರೀಕ್ಷೆ ಬರೆಯದೆಯೇ ಉತ್ತೀರ್ಣರು ಎಂಬುದು ಅದರ ಸಾರ. ಕರ್ನಾಟಕದಲ್ಲಿ ‘ಬ್ಯಾಕ್‌ಲಾಗ್’ ಎನ್ನುವುದಕ್ಕೆ ನಮ್ಮ ಸೀಮೆಯಲ್ಲಿ ‘ಅರಿಯರ್’ ಎಂದೇ ರೂಢಿ. ಅರಿಯರ್ ಹೊತ್ತವರು ಮುಖ್ಯಮಂತ್ರಿ ಪಳನಿಸ್ವಾಮಿಯವರನ್ನು ಕೊಂಡಾಡಿ ಫಲಕಗಳನ್ನೇ ನಿಲ್ಲಿಸಿದರು.

ಸಂತೋಷಪಟ್ಟವರನ್ನು ನಾನು ದೂಷಿಸಲಾರೆ. ಮಾರ್ಚ್ ತಿಂಗಳ ಮಧ್ಯದಲ್ಲಿ ಮುಚ್ಚಿದ ಕಾಲೇಜುಗಳು ತೆರೆದಿರಲಿಲ್ಲ. ತಿರುಪ್ಪೂರಿನಲ್ಲಿ ಬನಿಯನ್ ಕಂಪೆನಿಗಳ ಯಂತ್ರಗಳು ವಾರಗಟ್ಟಲೆ ನಿಂತಿದ್ದವು. ಹೊರರಾಜ್ಯದ ಕಾರ್ಮಿಕರು ರೈಲು ಹತ್ತಿ ಊರಿಗೆ ತೆರಳಿದರು. ವಾರದ ಕೂಲಿಯನ್ನು ನಂಬಿದ ಮನೆಗಳಲ್ಲಿ ಮಗನ ಓದು, ಮಗಳ ಓದು ಮನೆಯವರ ಮಾತಿನಲ್ಲಿ ಹಿಂದೆ ಸರಿದದ್ದು ಸಹಜವೇ. ಹತ್ತನೆಯ ತರಗತಿಯ ಪರೀಕ್ಷೆಯನ್ನು ಜೂನ್ 9ರಂದು ರದ್ದುಪಡಿಸಿದ್ದ ಸರ್ಕಾರವು, ತ್ರೈಮಾಸಿಕ ಮತ್ತು ಅರ್ಧವಾರ್ಷಿಕ ಪರೀಕ್ಷೆಗಳಿಗೆ ಶೇ. 80, ಹಾಜರಿಗೆ ಶೇ. 20 ಎಂದು ಅಂಕ ಹಂಚಿ ಎಲ್ಲರನ್ನೂ ತೇರ್ಗಡೆ ಮಾಡಿತ್ತು. ಶಾಲೆಗೆ ಸಂದ ನ್ಯಾಯ ಕಾಲೇಜಿಗೇಕೆ ಸಲ್ಲದು ಎಂಬ ಪ್ರಶ್ನೆ ಏಳದೆ ಇರುವುದೆಂತು?

ಇವೆರಡರ ನಡುವಿನ ಅಂತರವನ್ನು ಗಮನಿಸಬೇಕು. ಹತ್ತನೆಯ ತರಗತಿಯಲ್ಲಿ ಮಗುವು ಹಿಂದೆ ಬರೆದ ಪರೀಕ್ಷೆಗಳ ಆಧಾರವಿತ್ತು. ಅರಿಯರ್ ಎಂಬುದಾದರೋ ಹಿಂದೆ ಬರೆದು ಅನುತ್ತೀರ್ಣವಾದ, ಇಲ್ಲವೇ ಬರೆಯದೆಯೇ ಬಿಟ್ಟ ವಿಷಯ. ಅಲ್ಲಿ ಅಂಕ ಕೊಡಲು ಆಧಾರವೇನು?

ಪ್ರಕಟಣೆ ಹೊರಟ ಎರಡೇ ದಿನಗಳಲ್ಲಿ, ಆಗಸ್ಟ್ 28ರಂದು, ಪ್ರಣೀತ್ ಮತ್ತು ವಿಶ್ವವಿದ್ಯಾಲಯ ಅನುದಾನ ಆಯೋಗದ ನಡುವಿನ ಪ್ರಕರಣದಲ್ಲಿ ಸರ್ವೋಚ್ಚ ನ್ಯಾಯಾಲಯದ ತೀರ್ಪು ಬಂದಿತು. ಅಂತಿಮ ವರ್ಷದ ಪರೀಕ್ಷೆಗಳನ್ನು ಸೆಪ್ಟೆಂಬರ್ 30ರೊಳಗೆ ಮುಗಿಸಬೇಕೆಂಬ ಆಯೋಗದ ಜುಲೈ 6ರ ಮಾರ್ಗಸೂಚಿಯು ಅಲ್ಲಿ ಪ್ರಶ್ನೆಗೊಳಗಾಗಿತ್ತು. ವಿಪತ್ತು ನಿರ್ವಹಣಾ ಕಾಯಿದೆಯ ಬಲದಿಂದ ರಾಜ್ಯವು ಪರೀಕ್ಷೆಯನ್ನು ಮುಂದೂಡಬಹುದು, ಅದಕ್ಕಾಗಿ ಆಯೋಗವನ್ನು ಹೆಚ್ಚಿನ ಕಾಲಾವಕಾಶ ಕೇಳಬಹುದು. ಆದರೆ ಪರೀಕ್ಷೆಯಿಲ್ಲದೆ ಪದವಿ ಕೊಡಿಸಲಾಗದು ಎಂದು ನ್ಯಾಯಪೀಠವು ಹೇಳಿತು. ಜೀವವನ್ನು ಕಾಯುವ ಅಧಿಕಾರ ಸರ್ಕಾರದ್ದು, ಪದವಿಯ ಮಟ್ಟವನ್ನು ಕಾಯುವ ಹೊಣೆ ಆಯೋಗದ್ದು ಎಂಬ ಈ ವಿಭಜನೆಯು ನನಗೆ ಅತ್ಯಂತ ವಿವೇಕಯುತವಾಗಿ ತೋರುತ್ತದೆ.

ಆಗ ಅಣ್ಣಾ ವಿಶ್ವವಿದ್ಯಾಲಯದ ಕುಲಪತಿಗಳಾಗಿದ್ದವರು ಕನ್ನಡಿಗರಾದ ಎಂ. ಕೆ. ಸೂರಪ್ಪನವರು. ಬೆಂಗಳೂರಿನ ಭಾರತೀಯ ವಿಜ್ಞಾನ ಸಂಸ್ಥೆಯಲ್ಲಿ ಪ್ರಾಧ್ಯಾಪಕರಾಗಿದ್ದು, ರೋಪಡದ ಐಐಟಿಯನ್ನು ಮುನ್ನಡೆಸಿ ಬಂದವರು. 2018ರಲ್ಲಿ ಅವರ ನೇಮಕವಾದಾಗ ಕಾವೇರಿಯ ಕಾವು ಏರಿದ್ದುದರಿಂದ, ಕರ್ನಾಟಕದವರೆಂಬ ಕಾರಣಕ್ಕೇ ಇಲ್ಲಿ ಆಕ್ಷೇಪ ಕೇಳಿಬಂದಿತ್ತು. ಪರೀಕ್ಷೆಯಿಲ್ಲದ ಉತ್ತೀರ್ಣತೆಗೆ ಅಖಿಲ ಭಾರತ ತಾಂತ್ರಿಕ ಶಿಕ್ಷಣ ಮಂಡಳಿಯ ಸಮ್ಮತಿಯಿಲ್ಲವೆಂಬುದನ್ನು ಅವರು ಬಹಿರಂಗಪಡಿಸಿದಾಗ ಸರ್ಕಾರಕ್ಕೆ ಇರುಸುಮುರುಸಾಯಿತು. ಅವರ ಆಡಳಿತದ ಎಲ್ಲ ನಡೆಗಳ ಬಗೆಗೂ ಒಮ್ಮತವಿಲ್ಲ. ಈ ಒಂದು ವಿಷಯದಲ್ಲಿ ಅವರ ನಿಲುವು ವಿದ್ಯಾರ್ಥಿಗಳ ಪರವಾಗಿಯೇ ಇತ್ತೆಂದು ನನ್ನ ಅಭಿಪ್ರಾಯ.

ಇತ್ತ ಅಂತಿಮ ವರ್ಷದವರು ಸೆಪ್ಟೆಂಬರಿನಲ್ಲಿ ಮನೆಯಿಂದಲೇ ಪರೀಕ್ಷೆಗೆ ಕುಳಿತರು. ಮೊಬೈಲಿನಲ್ಲಿ ಬಂದ ಪ್ರಶ್ನೆಪತ್ರಿಕೆಗೆ ಬಿಳಿಹಾಳೆಯಲ್ಲಿ ಉತ್ತರ ಬರೆದು, ಚಿತ್ರ ತೆಗೆದು ಕಳುಹಿಸುವ ಕ್ರಮವು ರಾಜ್ಯದ ಹಲವು ವಿಶ್ವವಿದ್ಯಾಲಯಗಳಲ್ಲಿ ನಡೆಯಿತು. ಪುಸ್ತಕ ನೋಡಿ ಬರೆದವರಿರಲಿಲ್ಲವೇ? ಇದ್ದರು. ಆದರೂ ಹುಡುಕಿ, ಓದಿ, ಕೈಯಾರೆ ಬರೆದ ಹಾಳೆಯೊಂದು ಉಳಿಯಿತು. ಕೊಯಮತ್ತೂರಿನ ಭಾರತಿಯಾರ್ ವಿಶ್ವವಿದ್ಯಾಲಯವಾಗಲಿ, ಅದಕ್ಕೆ ಸೇರಿದ ತಿರುಪ್ಪೂರಿನ ಚಿಕ್ಕಣ್ಣ ಸರ್ಕಾರಿ ಕಾಲೇಜಾಗಲಿ (ಆ ಹೆಸರೇ ನಮ್ಮ ಕಿವಿಗೆ ಎಷ್ಟು ಹತ್ತಿರ!) ಆ ವರ್ಷ ಕಟ್ಟಡಗಳಲ್ಲಿ ಇರಲಿಲ್ಲ, ಅಧ್ಯಾಪಕರ ಮತ್ತು ವಿದ್ಯಾರ್ಥಿಗಳ ಮನೆಗಳಲ್ಲಿ ಇದ್ದವು.

ಹಾಗೆ ಇರಲು ಬೇಕಾದದ್ದು ಅಂತರ್ಜಾಲ. ಅದು ಎಲ್ಲರ ಕೈಗೆ ಸಮನಾಗಿ ಎಟುಕಲಿಲ್ಲ. ಅಂತರ್ಜಾಲದ ಬಳಕೆಯು ಶಿಕ್ಷಣದ ಹಕ್ಕಿನ ಅಂಗವೆಂದು ಕೇರಳ ಉಚ್ಚ ನ್ಯಾಯಾಲಯವು 2019ರ ಸೆಪ್ಟೆಂಬರಿನಲ್ಲಿಯೇ, ಹಾಸ್ಟೆಲಿನಲ್ಲಿ ಮೊಬೈಲ್ ನಿರ್ಬಂಧವನ್ನು ಒಪ್ಪದ ಫಹೀಮಾ ಶಿರಿನ್ ಎಂಬ ವಿದ್ಯಾರ್ಥಿನಿಯ ಪ್ರಕರಣದಲ್ಲಿ ಹೇಳಿತ್ತು. ತಮಿಳುನಾಡು ಸರ್ಕಾರವು 2021ರ ಜನವರಿಯಿಂದ ಏಪ್ರಿಲ್‌ವರೆಗೆ 9.69 ಲಕ್ಷ ಕಾಲೇಜು ವಿದ್ಯಾರ್ಥಿಗಳಿಗೆ ದಿನಕ್ಕೆ 2 ಜಿಬಿ ಉಚಿತ ಡೇಟಾ ಘೋಷಿಸಿತು. ಎಲ್ಲರನ್ನೂ ಉತ್ತೀರ್ಣಗೊಳಿಸಿದ ಉದಾರತೆಗಿಂತ ಈ ಡೇಟಾ ಕಾರ್ಡಿನ ಉದಾರತೆಯೇ ದೊಡ್ಡದು. ತಡವಾಗಿ ಬಂದದ್ದೇ ಅದರ ಕೊರತೆ.

ಕನ್ನಡ ಮಾಧ್ಯಮದಲ್ಲಿ ಓದಿದ ಮಕ್ಕಳಿಗೆ ಈ ಪ್ರಕರಣವು ದೂರದ್ದಲ್ಲ. ಕಾಲೇಜಿನಲ್ಲಿ ಮಾಧ್ಯಮ ಬದಲಾದೊಡನೆ ಮೊದಲ ವರ್ಷದಲ್ಲಿ ಒಂದೆರಡು ವಿಷಯ ಉಳಿಸಿಕೊಳ್ಳುವವರು ನಮ್ಮಲ್ಲಿ ಇದ್ದಾರೆ. ಅವರು ದಡ್ಡರಲ್ಲ, ಹೊಸ ಭಾಷೆಯಲ್ಲಿ ಹಳೆಯ ತಿಳಿವಳಿಕೆಯನ್ನು ಬರೆಯಲು ಕಾಲ ಬೇಕಾದವರು. ಅಂಥವರಿಗೆ ಬೇಕಾದದ್ದು ಮತ್ತೊಂದು ಅವಕಾಶ. ಬರೆಯದ ಪರೀಕ್ಷೆಯ ಅಂಕವನ್ನು ಕೊಟ್ಟರೆ ಆ ಅವಕಾಶವೇ ಕೈತಪ್ಪುತ್ತದೆ. ಕೆಲಸ ಕೇಳಲು ಹೋದಲ್ಲಿ ‘ಕೊರೋನಾ ಬ್ಯಾಚೋ?’ ಎಂಬ ನಗೆಯನ್ನು ಎದುರಿಸಬೇಕಾದವರೂ ಅವರೇ.

ಅರಿಯರ್ ರದ್ದತಿಯನ್ನು ಪ್ರಶ್ನಿಸಿದ ಅರ್ಜಿಗಳು ಮದ್ರಾಸು ಉಚ್ಚ ನ್ಯಾಯಾಲಯದ ಮುಂದೆ ತಿಂಗಳುಗಟ್ಟಲೆ ನಡೆದವು. ಪರೀಕ್ಷೆಯಿಲ್ಲದೆ ಎಲ್ಲರನ್ನೂ ಉತ್ತೀರ್ಣಗೊಳಿಸುವುದನ್ನು 2021ರ ಏಪ್ರಿಲಿನಲ್ಲಿ ನ್ಯಾಯಾಲಯವು ಒಪ್ಪಲಿಲ್ಲ, ಪರೀಕ್ಷೆ ನಡೆಯಲೇಬೇಕೆಂದಿತು. ಅಷ್ಟರಲ್ಲಿ ಎರಡನೆಯ ಅಲೆ ಏರತೊಡಗಿತ್ತು.