ಮೀನಂಗಡಿಯಿಂದ ಮೀನಂಬಾಕ್ಕಕ್ಕೆ: ವಿಮಾನ ಏರುವ ಮುನ್ನ ಘಾಟಿಯ ಲೆಕ್ಕ

ಮೀನಂಗಡಿ: ವಯನಾಡು ಜಿಲ್ಲೆಯಲ್ಲಿ ವಿಮಾನ ನಿಲ್ದಾಣವಿಲ್ಲ, ರೈಲು ಮಾರ್ಗವೂ ಇಲ್ಲ. ಆದರೂ ಉನ್ನತ ಚಿಕಿತ್ಸೆ, ಪ್ರವೇಶ ಪರೀಕ್ಷೆ, ಉದ್ಯೋಗ ಅಥವಾ ಅಮೆರಿಕ ವೀಸಾ ಸಂದರ್ಶನಕ್ಕಾಗಿ ಇಲ್ಲಿನ ಕನ್ನಡಿಗ ಕುಟುಂಬಗಳು ಚೆನ್ನೈಗೆ ಹೋಗಬೇಕಾಗುತ್ತದೆ. ಇವೆಲ್ಲವೂ ದಿನ ಮತ್ತು ವೇಳೆ ಮೊದಲೇ ನಿಗದಿಯಾದ ಕಾರ್ಯಗಳು. ಒಮ್ಮೆ ತಪ್ಪಿದರೆ ತಿಂಗಳುಗಟ್ಟಲೆ ಕಾಯಬೇಕಾದೀತು. ಪರೀಕ್ಷೆಯಾದರೆ ಒಂದು ವರ್ಷವೇ ಕೈತಪ್ಪೀತು.

ಅರಬ್ಬೀ ಸಮುದ್ರ ತೀರದ ಕಲ್ಲಿಕೋಟೆಯಿಂದ ಬಂಗಾಳ ಕೊಲ್ಲಿ ತೀರದ ಚೆನ್ನೈಗೆ ಆಕಾಶಮಾರ್ಗದ ದೂರ ಸುಮಾರು 500 ಕಿಲೋಮೀಟರ್. ನೇರ ವಿಮಾನವು ಒಂದೂವರೆ ಗಂಟೆಯೊಳಗೆ ಚೆನ್ನೈಯ ಮೀನಂಬಾಕ್ಕಂ ನಿಲ್ದಾಣವನ್ನು ಸೇರುತ್ತದೆ. ಆದರೆ ನಮ್ಮ ಪ್ರಯಾಣದ ಗತಿಯನ್ನು ನಿರ್ಧರಿಸುವುದು ವಿಮಾನವಲ್ಲ, ಘಾಟಿಯ ರಸ್ತೆ. ಆದುದರಿಂದ ಯೋಜನೆಯನ್ನು ಟಿಕೆಟ್ ದರದಿಂದ ಆರಂಭಿಸದೆ, ಚೆನ್ನೈಯಲ್ಲಿ ಹಾಜರಿರಬೇಕಾದ ವೇಳೆಯಿಂದ ಹಿಂದಕ್ಕೆ ಲೆಕ್ಕ ಹಾಕುತ್ತ ಬರಬೇಕು.

ಮೀನಂಗಡಿಯವರಿಗೆ ಮುಖ್ಯವಾಗಿ ಎರಡು ವಿಮಾನ ನಿಲ್ದಾಣಗಳು ಸಮೀಪ. 1988ರಲ್ಲಿ ಆರಂಭವಾದ ಕರಿಪ್ಪೂರಿನ ಕಲ್ಲಿಕೋಟೆ ನಿಲ್ದಾಣವು ಸುಮಾರು 100 ಕಿಲೋಮೀಟರ್ ದೂರದಲ್ಲಿದೆ. ಅಲ್ಲಿಗೆ ಹೋಗಲು ರಾಷ್ಟ್ರೀಯ ಹೆದ್ದಾರಿ 766ರಲ್ಲಿ ಒಂಬತ್ತು ಹೇರ್‌ಪಿನ್ ತಿರುವುಗಳ ತಾಮರಶ್ಶೇರಿ ಘಾಟಿಯನ್ನು ಇಳಿಯಬೇಕು. ಇನ್ನೊಂದು, 2018ರ ಡಿಸೆಂಬರ್ 9ರಂದು ಉದ್ಘಾಟನೆಗೊಂಡ ಮಟ್ಟನ್ನೂರಿನ ಕಣ್ಣೂರು ನಿಲ್ದಾಣ. ಇದಕ್ಕೆ ಮಾನಂತವಾಡಿ ಮಾರ್ಗವಾಗಿ ಬೇರೊಂದು ಘಾಟಿಯನ್ನು ಇಳಿಯಬೇಕು. ಎರಡೂ ಕಡೆಯ ವೇಳಾಪಟ್ಟಿಯನ್ನು ಹೋಲಿಸಿ ನೋಡುವುದು ಲೇಸು. ವಿಮಾನ ಸಂಸ್ಥೆಗಳ ವೇಳಾಪಟ್ಟಿ ಮಾರ್ಚ್ ಕೊನೆಯಲ್ಲಿ ಹಾಗೂ ಅಕ್ಟೋಬರ್ ಕೊನೆಯಲ್ಲಿ, ಹೀಗೆ ವರ್ಷಕ್ಕೆ ಎರಡು ಬಾರಿ ಬದಲಾಗುತ್ತದೆ. ಕಳೆದ ಸಲ ಇದ್ದ ವಿಮಾನ ಈ ಸಲವೂ ಅದೇ ವೇಳೆಗೆ ಇರುತ್ತದೆಂದು ಭಾವಿಸುವಂತಿಲ್ಲ.

ಒಂದು ಉದಾಹರಣೆಯನ್ನು ನೋಡೋಣ. ಕರಿಪ್ಪೂರಿನಿಂದ ಬೆಳಿಗ್ಗೆ 11 ಗಂಟೆಗೆ ವಿಮಾನ ಹೊರಡುತ್ತದೆ ಎಂದುಕೊಳ್ಳೋಣ. ದೇಶೀಯ ವಿಮಾನಗಳ ಚೆಕ್-ಇನ್ ಕೌಂಟರ್ ಸಾಮಾನ್ಯವಾಗಿ ಒಂದು ಗಂಟೆ ಮೊದಲೇ ಮುಚ್ಚುವುದರಿಂದ 9 ಗಂಟೆಗೆ ಅಲ್ಲಿರಬೇಕು. ರಸ್ತೆ ಸುಗಮವಾಗಿದ್ದರೆ ಸುಮಾರು ಮೂರು ಗಂಟೆಯ ಪಯಣ. ಘಾಟಿಯಲ್ಲಿ ಒಂದು ಲಾರಿ ಕೆಟ್ಟು ನಿಂತರೂ ಸಾಲು ಬೆಳೆಯುವುದರಿಂದ ಇನ್ನೆರಡು ಗಂಟೆ ಮೀಸಲಿಡಬೇಕು. ಅಂದರೆ ಮನೆಯಿಂದ ಹೊರಡುವುದು ನಸುಕಿನ 4 ಗಂಟೆಗೆ. ಚೆನ್ನೈಯಲ್ಲಿ ಇಳಿದು, ಸಾಮಾನು ಪಡೆದು, ಮೆಟ್ರೋ ರೈಲಿನಲ್ಲಿ ನಗರ ಸೇರುವಾಗ ಮಧ್ಯಾಹ್ನ ಒಂದೂವರೆ. ಒಂದೂವರೆ ಗಂಟೆಯ ಹಾರಾಟವು ಒಂಬತ್ತೂವರೆ ಗಂಟೆಯ ಪ್ರಯಾಣವಾಗುತ್ತದೆ. ಬೆಳಗಿನ ಸಂದರ್ಶನಕ್ಕೆ ಅದೇ ದಿನದ ವಿಮಾನವನ್ನು ನೆಚ್ಚಬಾರದು. ಹಿಂದಿನ ದಿನವೇ ತಲುಪಬೇಕು.

ಮಳೆಗಾಲದ ಲೆಕ್ಕವನ್ನೂ ಮರೆಯುವಂತಿಲ್ಲ. ಎರಡು ಕರಾವಳಿಗಳಿಗೆ ಎರಡು ಮಳೆಗಾಲ. ಜೂನ್‌ನಿಂದ ಸೆಪ್ಟೆಂಬರ್‌ವರೆಗೆ ನೈಋತ್ಯ ಮುಂಗಾರು ನಮ್ಮ ಘಾಟಿಗಳಲ್ಲಿ ಮಣ್ಣು ಕುಸಿತಕ್ಕೆ, ಕರಿಪ್ಪೂರಿನಲ್ಲಿ ವಿಮಾನಗಳ ವಿಳಂಬಕ್ಕೆ ಕಾರಣವಾಗುತ್ತದೆ. ಅಕ್ಟೋಬರ್‌ನಿಂದ ಡಿಸೆಂಬರ್‌ವರೆಗೆ ಈಶಾನ್ಯ ಮುಂಗಾರು ಚೆನ್ನೈಯನ್ನು ಕಾಡುತ್ತದೆ. 2015ರ ಡಿಸೆಂಬರ್‌ನ ನೆರೆಯಲ್ಲಿ ಚೆನ್ನೈ ವಿಮಾನ ನಿಲ್ದಾಣವು ಹಲವು ದಿನ ಮುಚ್ಚಿತ್ತು. 2023ರ ಡಿಸೆಂಬರ್ 4ರಂದು ಮಿಚಾಂಗ್ ಚಂಡಮಾರುತದ ವೇಳೆಯಲ್ಲೂ ಹಾರಾಟ ಸ್ಥಗಿತಗೊಂಡಿತ್ತು. ದಿನಾಂಕ ಆರಿಸಿಕೊಳ್ಳುವ ಅವಕಾಶವಿದ್ದವರಿಗೆ ಜನವರಿಯಿಂದ ಮೇ ತಿಂಗಳವರೆಗಿನ ಅವಧಿ ಸೂಕ್ತ. ಅವಕಾಶವಿಲ್ಲದವರು ಒಂದು ದಿನವನ್ನು ಹೆಚ್ಚಾಗಿ ಕೈಯಲ್ಲಿಟ್ಟುಕೊಳ್ಳಬೇಕು.

ನೇರ ವಿಮಾನ ಸಿಗದೆ ಬೆಂಗಳೂರಿನಲ್ಲಿ ವಿಮಾನ ಬದಲಿಸಬೇಕಾಗಿ ಬಂದರೆ ಎರಡು ಹಾರಾಟಗಳೂ ಒಂದೇ ಟಿಕೆಟಿನಲ್ಲಿರಲಿ. ಮೊದಲನೆಯದು ತಡವಾಗಿ ಎರಡನೆಯದು ತಪ್ಪಿದರೆ ಮುಂದಿನ ವ್ಯವಸ್ಥೆ ಆಗ ಸಂಸ್ಥೆಯ ಹೊಣೆ. ಬೇರೆ ಬೇರೆಯಾಗಿ ಖರೀದಿಸಿದ್ದರೆ ಆ ನಷ್ಟ ಪ್ರಯಾಣಿಕರದೇ.

ಭಾಷಾ ಅಲ್ಪಸಂಖ್ಯಾತರಾದ ನಾವು ವಿಶೇಷವಾಗಿ ಗಮನಿಸಬೇಕಾದುದು ಹೆಸರನ್ನು. ಕನ್ನಡದ ಹೆಸರು ಮಲಯಾಳದ ದಾಖಲೆಗೆ, ಅಲ್ಲಿಂದ ಇಂಗ್ಲಿಷಿಗೆ ಹೋಗುವಷ್ಟರಲ್ಲಿ ರೂಪ ಬದಲಿಸುವುದುಂಟು. ಮಂಜುನಾಥನು ಒಂದು ಕಡೆ ‘ಮಂಜುನಾಥ’, ಇನ್ನೊಂದು ಕಡೆ ‘ಮಂಜುನಾಥನ್’ ಆಗಿರಬಹುದು. ಗೌಡ ಎಂಬುದರ ಕಾಗುಣಿತವೂ ಶಾಲಾ ದಾಖಲೆಯಲ್ಲಿ ಒಂದು, ಆಧಾರ್‌ನಲ್ಲಿ ಇನ್ನೊಂದು ಇರಬಹುದು. ನಿಲ್ದಾಣದ ಬಾಗಿಲಲ್ಲಿ ಭದ್ರತಾ ಸಿಬ್ಬಂದಿ ನೋಡುವುದು ಟಿಕೆಟಿನ ಹೆಸರು ಗುರುತಿನ ಚೀಟಿಗೆ ಹೊಂದುತ್ತದೆಯೇ ಎಂಬುದನ್ನು. ಆದ್ದರಿಂದ ಯಾವ ಚೀಟಿಯನ್ನು ಒಯ್ಯುವಿರೋ ಅದನ್ನು ಮುಂದಿಟ್ಟುಕೊಂಡೇ ಅಕ್ಷರಕ್ಕೆ ಅಕ್ಷರ ತುಂಬಿಸಿ. ವಿಮಾನ ಸಂಸ್ಥೆಯಿಂದ ನೇರವಾಗಿ ಪಡೆದ ಟಿಕೆಟಿನಲ್ಲಿ ಸಣ್ಣ ಅಕ್ಷರದೋಷವಿದ್ದು, 24 ಗಂಟೆಯೊಳಗೆ ತಿಳಿಸಿದರೆ, ಶುಲ್ಕವಿಲ್ಲದೆ ತಿದ್ದಿಕೊಡಬೇಕೆಂಬ ನಿಯಮವಿದೆ. ಸಾಮಾನು ಕಟ್ಟುವಾಗ ಪವರ್ ಬ್ಯಾಂಕ್ ಕೈಚೀಲದಲ್ಲಿರಲಿ. ಎಣ್ಣೆಯಂಶದಿಂದ ಬೆಂಕಿ ಹತ್ತಬಹುದಾದ ಒಣ ಕೊಬ್ಬರಿಯನ್ನು ಮನೆಯಲ್ಲೇ ಬಿಡುವುದು ಕ್ಷೇಮ.

ಘಾಟಿ ಮುಚ್ಚಿದರೆ ಏನು ಮಾಡಬೇಕೆಂಬುದನ್ನೂ ಮೊದಲೇ ಯೋಚಿಸಬೇಕು. ಇದೇ ಹೆದ್ದಾರಿ ಪೂರ್ವಕ್ಕೆ ಬತ್ತೇರಿ, ಗುಂಡ್ಲುಪೇಟೆಗಳ ಮೂಲಕ ಮೈಸೂರಿನತ್ತ ದಾರಿ ತೋರುತ್ತದೆ. 2022ರ ನವೆಂಬರ್‌ನಿಂದ ಮೈಸೂರು-ಚೆನ್ನೈ ವಂದೇ ಭಾರತ್ ರೈಲು ಸಂಚರಿಸುತ್ತಿದ್ದು, ಸುಮಾರು ಆರೂವರೆ ಗಂಟೆಯಲ್ಲಿ ಚೆನ್ನೈ ಸೇರುತ್ತದೆ. ಆದರೆ ಬಂಡೀಪುರ ಅರಣ್ಯದಲ್ಲಿ 2009ರಿಂದ ರಾತ್ರಿ 9ರಿಂದ ಬೆಳಿಗ್ಗೆ 6ರವರೆಗೆ ವಾಹನ ಸಂಚಾರ ನಿಷೇಧವಿರುವುದರಿಂದ ಆ ಹಾದಿಯನ್ನು ಹಗಲಿನಲ್ಲೇ ದಾಟಬೇಕು. ಕಲ್ಲಿಕೋಟೆಯಿಂದ ಸಂಜೆ ಹೊರಟು ಮರುದಿನ ಮುಂಜಾನೆ ಚೆನ್ನೈ ತಲುಪಿಸುವ ಮಂಗಳೂರು ಮೇಲ್ ಕೂಡ ಇದೆ; ಘಾಟಿಯನ್ನು ಹಗಲಿನಲ್ಲಿ ನಿಧಾನವಾಗಿ ಇಳಿಯಬಯಸುವ ಹಿರಿಯರಿಗೆ ಅದು ಅನುಕೂಲಕರ.

ಅಗ್ಗದ ಟಿಕೆಟ್ ಸಿಕ್ಕಿತೆಂಬ ಸಂತೋಷಕ್ಕಿಂತ, ನಿಗದಿತ ವೇಳೆಗೆ ನಿಗದಿತ ಸ್ಥಳದಲ್ಲಿ ಇರುವುದು ಮುಖ್ಯ. ಟಿಕೆಟ್ ಕಾಯ್ದಿರಿಸುವ ಮುನ್ನ ಹೊರಡುವ ಗಂಟೆ, ಘಾಟಿಗೆ ಮೀಸಲಿಟ್ಟ ಸಮಯ ಮತ್ತು ಪರ್ಯಾಯ ಮಾರ್ಗ, ಈ ಮೂರನ್ನೂ ಒಂದು ಹಾಳೆಯಲ್ಲಿ ಬರೆದಿಟ್ಟುಕೊಳ್ಳುವಂತೆ ಓದುಗರಲ್ಲಿ ನಮ್ಮ ವಿನಂತಿ.