ಒಂಟಿ ಪಯಣಿಗ, ಗುಂಪಿನ ದೋಣಿ

ಬೆನ್ನಿಗೊಂದು ಚೀಲ ಏರಿಸಿ ಒಬ್ಬನೇ ಲೋಕ ಸುತ್ತಲು ಹೊರಟವನು ಅರಸುವುದು ಏಕಾಂತವನ್ನು. ಆದರೆ ದ್ವೀಪಗಳ ನಡುವೆ ಆ ಏಕಾಂತಕ್ಕೂ ಗುಂಪಿನೊಡನೆಯೇ ಹೋಗಬೇಕಾಗುತ್ತದೆ. ಥಾಯ್ಲೆಂಡಿನ ಪಡುಗಡಲಾದ ಅಂಡಮಾನ್ ಸಮುದ್ರದ ಫಿಫಿ ದ್ವೀಪಗಳನ್ನೇ ನೋಡಿ. ಇಡೀ ದೋಣಿಯ ಬಾಡಿಗೆ ಒಬ್ಬನಿಗೆ ಭಾರ. ಹತ್ತಾರು ಅಪರಿಚಿತರೊಡನೆ ಹಂಚಿಕೊಂಡರೆ ಹಗುರ. ಬೆಳಿಗ್ಗೆ ಒಂಟಿಯಾಗಿ ಬಂದವನು ದೋಣಿಯೇರಿದೊಡನೆ ಜನಸಮೂಹದಲ್ಲಿ ಒಬ್ಬನಾಗುತ್ತಾನೆ.

ಈ ಲೆಕ್ಕದ ಫಲವನ್ನು ಉಂಡದ್ದು ಫಿಫಿ ಲೇ ದ್ವೀಪದ ಮಾಯಾ ಕೊಲ್ಲಿ. ಸುಣ್ಣಕಲ್ಲಿನ ಕಡಿದಾದ ಬಂಡೆಗಳು ಸುತ್ತುವರಿದ ಆ ಪುಟ್ಟ ಮರಳದಂಡೆ, 2000ರಲ್ಲಿ ತೆರೆಕಂಡ ‘ದಿ ಬೀಚ್’ ಚಲನಚಿತ್ರದಿಂದ ಲೋಕಪ್ರಸಿದ್ಧವಾಯಿತು. ಚಿತ್ರ ತೋರಿಸಿದ್ದು ಗುಪ್ತವಾದೊಂದು ಸ್ವರ್ಗವನ್ನು. ಅದನ್ನು ಅರಸಿ ಬಂದವರು ದಿನಕ್ಕೆ ಸಾವಿರಾರು. ಲಂಗರುಗಳ ಹೊಡೆತಕ್ಕೆ ಹವಳ ನುಚ್ಚಾಯಿತು. 2018ರ ಜೂನ್‌ನಲ್ಲಿ ಸರ್ಕಾರ ಕೊಲ್ಲಿಯನ್ನು ಮುಚ್ಚಿತು. ಮನುಷ್ಯರು ದೂರ ಸರಿದ ಮೇಲೆ, ರೆಕ್ಕೆಯ ತುದಿ ಕಪ್ಪಾಗಿರುವ ಸಣ್ಣ ಶಾರ್ಕ್ ಮೀನುಗಳು ಮರಳಿ ಬಂದವು.

2022ರ ಜನವರಿಯಲ್ಲಿ ಕೊಲ್ಲಿ ಮತ್ತೆ ತೆರೆಯಿತು, ಕಟ್ಟುಪಾಡುಗಳೊಡನೆ. ದೋಣಿಗಳು ದ್ವೀಪದ ಹಿಂಬದಿಯಲ್ಲಿ ನಿಲ್ಲಬೇಕು, ಜನ ಅಲ್ಲಿಂದ ನಡೆದು ಬರಬೇಕು, ಒಮ್ಮೆಗೆ ಇಂತಿಷ್ಟೇ ಮಂದಿ, ಈಜುವಂತಿಲ್ಲ ಎಂದಾಯಿತು. ಒಂಟಿ ಪಯಣಿಗನಿಗೆ ಇದು ಅಡ್ಡಿಯೆನಿಸಬಹುದು. ಆದರೆ ಹವಳವನ್ನು ನುಚ್ಚಾಗಿಸಿದ ಸಾವಿರಾರು ಜನರ ಲೆಕ್ಕದಲ್ಲಿ ಅವನೂ ಒಬ್ಬ. ಅವನು ಕಾಣಬಂದ ಏಕಾಂತವನ್ನು ಈಗ ಕಾಯುತ್ತಿರುವುದು ಈ ಕಟ್ಟುಪಾಡುಗಳೇ.