ಆಂಬುಲೆನ್ಸ್ ಬರುವ ಮುನ್ನದ ಹತ್ತು ನಿಮಿಷ

ಬಿಸಿಲು, ನೀರು, ಸಿಡಿಲು, ಚಳಿ: ಸಂಘದ ಕಾರ್ಯಕ್ರಮಗಳಲ್ಲಿ ಪ್ರಥಮ ಚಿಕಿತ್ಸೆಗೂ ಸ್ಥಾನವಿರಲಿ

ಮುಂಬಯಿ ಮಹಾನಗರದ ಕನ್ನಡ ಸಂಘ-ಸಂಸ್ಥೆಗಳ ವರ್ಷದ ಕಾರ್ಯಕ್ರಮಗಳನ್ನು ಒಟ್ಟಾಗಿ ನೋಡಿದರೆ ಋತುಗಳ ಪಟ್ಟಿಯನ್ನೇ ನೋಡಿದಂತಾಗುತ್ತದೆ. ಬಿಸಿಲೇರುವ ಮುನ್ನ ಮೈದಾನದಲ್ಲಿ ಕ್ರೀಡೋತ್ಸವ, ಮೇ ರಜೆಯಲ್ಲಿ ಊರಿನ ಪಯಣ, ಮಳೆಗಾಲದಲ್ಲಿ ಲೋಣಾವಳ, ಕರ್ಜತ್ ಕಡೆಗೆ ವಿಹಾರಕೂಟ, ಭಾದ್ರಪದದಲ್ಲಿ ಗಣೇಶೋತ್ಸವ, ಹಿರಿಯ ಸದಸ್ಯರಿಗಾಗಿ ಉತ್ತರ ಭಾರತದ ಯಾತ್ರೆ. ಆಮಂತ್ರಣ ಪತ್ರಿಕೆಯಲ್ಲಿ ಪ್ರಾರ್ಥನೆ, ಸ್ವಾಗತ, ನಿರೂಪಣೆ, ಧನ್ಯವಾದ ಯಾರು ಯಾರದು ಎಂಬುದೆಲ್ಲ ಅಚ್ಚಾಗಿರುತ್ತದೆ. ನೆರೆದವರಲ್ಲಿ ಒಬ್ಬರು ಕುಸಿದು ಬಿದ್ದರೆ ನೋಡಿಕೊಳ್ಳುವ ಹೊಣೆ ಯಾರದು ಎಂಬುದು ಮಾತ್ರ ಎಲ್ಲಿಯೂ ಇರುವುದಿಲ್ಲ.

ಅಂಥ ಹೊತ್ತಿನಲ್ಲಿ ಸಹಾಯಕ್ಕೆ ಬರುವವರಿಗೆ ಕೊರತೆಯಿಲ್ಲ. ಒಬ್ಬರು ಬಾಯಿಗೆ ನೀರು ಹಾಕುತ್ತಾರೆ, ಇನ್ನೊಬ್ಬರು ಈರುಳ್ಳಿ ಮೂಸಿಸುತ್ತಾರೆ, ಹತ್ತು ಮಂದಿ ಸುತ್ತ ನಿಂತು ಗಾಳಿಯನ್ನೇ ತಡೆಯುತ್ತಾರೆ. ಕೊರತೆಯಿರುವುದು ತಿಳುವಳಿಕೆಗೆ. ಉಸಿರಾಟ ನಿಂತವನ ಮೆದುಳಿಗೆ ನಾಲ್ಕೈದು ನಿಮಿಷಗಳಲ್ಲೇ ಹಾನಿ ಆರಂಭವಾಗುತ್ತದೆ. ಈ ನಗರದ ವಾಹನ ದಟ್ಟಣೆಯಲ್ಲಿ ಆಂಬುಲೆನ್ಸ್ ಅಷ್ಟರೊಳಗೆ ಬರುವುದು ಕಷ್ಟ. ಆದ್ದರಿಂದ ಮೊದಲ ಹತ್ತು ನಿಮಿಷದ ವೈದ್ಯ, ಪಕ್ಕದಲ್ಲಿ ನಿಂತವನೇ.

ಬಿಸಿಲು: ಮೊದಲು ತಂಪು, ಆಮೇಲೆ ಪಯಣ

2023ರ ಎಪ್ರಿಲ್ 16ರಂದು ನವಿ ಮುಂಬಯಿಯ ಖಾರ್‌ಘರ್‌ನಲ್ಲಿ ತೆರೆದ ಮೈದಾನದಲ್ಲಿ ನಡೆದ ಮಹಾರಾಷ್ಟ್ರ ಭೂಷಣ ಪ್ರಶಸ್ತಿ ಪ್ರದಾನ ಸಮಾರಂಭಕ್ಕೆ ಬಂದಿದ್ದವರಲ್ಲಿ 14 ಮಂದಿ ಬಿಸಿಲಿನ ಆಘಾತದಿಂದ ಪ್ರಾಣ ಕಳೆದುಕೊಂಡರು. ಹತ್ತಿರದ ಹವಾಮಾನ ಕೇಂದ್ರದಲ್ಲಿ ಅಂದು ದಾಖಲಾದ ಉಷ್ಣತೆ ಸುಮಾರು 38 ಡಿಗ್ರಿ. ಕಲಬುರಗಿ, ರಾಯಚೂರಿನವರಿಗೆ ಇದೇನು ಮಹಾ ಎನಿಸಬಹುದು. ಆದರೆ ಕರಾವಳಿಯ ಗಾಳಿಯಲ್ಲಿ ತೇವ ಹೆಚ್ಚು. ಬೆವರು ಸುರಿಯುತ್ತದೆ, ಆರುವುದಿಲ್ಲ. ಬೆವರು ಆರದಿದ್ದರೆ ಮೈ ತಣಿಯುವುದಿಲ್ಲ. ಮುಖ್ಯ ಅತಿಥಿಗಳ ಆಗಮನ ತಡವಾದಂತೆ ಶಾಮಿಯಾನದ ಹೊರಗೆ ಸಾಲುಗಟ್ಟಿ ನಿಂತ ಮಕ್ಕಳನ್ನೂ ಹಿರಿಯರನ್ನೂ ನೆನೆದರೆ ಸಾಕು, ವಿಷಯ ಅರ್ಥವಾಗುತ್ತದೆ.

ಬಿಸಿಲಿನ ತೊಂದರೆಯಲ್ಲಿ ಎರಡು ಹಂತಗಳಿವೆ. ತಲೆಸುತ್ತು, ವಾಕರಿಕೆ, ಕಾಲಿನ ಸೆಳೆತ, ವಿಪರೀತ ಬೆವರು ಇದ್ದು ಮಾತು ಸರಿಯಾಗಿದ್ದರೆ ಅದು ಬಳಲಿಕೆ. ನೆರಳಿಗೆ ಕರೆದೊಯ್ದು, ಮಲಗಿಸಿ, ಕಾಲು ಸ್ವಲ್ಪ ಎತ್ತರಿಸಿ, ಓಆರ್‌ಎಸ್ ನೀರನ್ನು ಗುಟುಕು ಗುಟುಕಾಗಿ ಕುಡಿಸಬೇಕು. ಪೊಟ್ಟಣ ಇಲ್ಲದಿದ್ದರೆ ಒಂದು ಲೀಟರ್ ಕುಡಿಯುವ ನೀರಿಗೆ ಮಟ್ಟಸವಾದ ಆರು ಟೀ ಚಮಚ ಸಕ್ಕರೆ, ಅರ್ಧ ಟೀ ಚಮಚ ಉಪ್ಪು.

ಮಾತು ತೊದಲಿದರೆ, ಅಸಂಬದ್ಧವಾಗಿ ಮಾತಾಡಿದರೆ, ತೂರಾಡಿದರೆ ಅಥವಾ ಪ್ರಜ್ಞೆ ತಪ್ಪಿದರೆ ಅದು ಹೀಟ್‌ಸ್ಟ್ರೋಕ್. ದೇಹದೊಳಗಿನ ಶಾಖ 40 ಡಿಗ್ರಿ ದಾಟಿರುತ್ತದೆ. ಬೆವರು ನಿಂತಿರಲೇಬೇಕು ಎಂದಿಲ್ಲ. ಮೈ ಒದ್ದೆಯಾಗಿದ್ದರೂ ಹೀಟ್‌ಸ್ಟ್ರೋಕ್ ಆಗಿರಬಹುದು. ಇಲ್ಲಿ ನಿಯಮ ಒಂದೇ: ಮೊದಲು ತಂಪು ಮಾಡುವುದು, ಆಮೇಲೆ ಸಾಗಿಸುವುದು. 108ಕ್ಕೆ ಕರೆ ಮಾಡಿ, ಬಟ್ಟೆ ಸಡಿಲಿಸಿ, ಬಕೆಟ್‌ಗಟ್ಟಲೆ ತಣ್ಣೀರನ್ನು ಮೈಮೇಲೆ ಸುರಿಯುತ್ತಲೇ ಗಾಳಿ ಹಾಕಬೇಕು. ಮಂಜುಗಡ್ಡೆ ಇದ್ದರೆ ಬಟ್ಟೆಯಲ್ಲಿ ಸುತ್ತಿ ಕುತ್ತಿಗೆ, ಕಂಕುಳು, ತೊಡೆಸಂದಿಗೆ ಇಡಬೇಕು. ಪ್ರಜ್ಞೆ ಸರಿಯಿಲ್ಲದವರ ಬಾಯಿಗೆ ನೀರು ಹಾಕಬಾರದು. ಅದು ಶ್ವಾಸಕೋಶಕ್ಕೆ ಇಳಿಯುತ್ತದೆ. ಪ್ಯಾರಾಸಿಟಮಾಲ್ ಗುಳಿಗೆಯಿಂದ ಪ್ರಯೋಜನವಿಲ್ಲ. ಇದು ಜ್ವರವಲ್ಲ.

ನೀರು: ಹಾರುವ ಮುನ್ನ ಯೋಚನೆ

2024ರ ಜೂನ್ 30ರಂದು ಲೋಣಾವಳದ ಭೂಶಿ ಅಣೆಕಟ್ಟಿನ ಬಳಿಯ ಜಲಪಾತದಲ್ಲಿ ನೀರು ಒಮ್ಮೆಲೇ ಏರಿ ಒಂದೇ ಕುಟುಂಬದ ಐವರು ಕೊಚ್ಚಿಹೋದರು. ಘಟ್ಟದ ಮೇಲೆ ಮಳೆ ಸುರಿದರೆ ಕೆಳಗಿನ ತೊರೆ ನಿಮಿಷಗಳಲ್ಲಿ ತುಂಬುತ್ತದೆ. ನೀರು ಕೆಂಪಾಗತೊಡಗಿದರೆ, ಕಸಕಡ್ಡಿ ತೇಲಿ ಬರತೊಡಗಿದರೆ, ಫೋಟೋ ಬಿಟ್ಟು ದಡಕ್ಕೆ ಬರುವುದೇ ಜಾಣತನ.

ಮುಳುಗುವವನನ್ನು ಕಂಡು ಈಜು ಬಾರದವರು ಹಾರಿದರೆ ಒಂದು ಸಾವಿನ ಜಾಗದಲ್ಲಿ ಎರಡಾಗುತ್ತದೆ. ದಡದಿಂದಲೇ ಕೋಲು, ಹಗ್ಗ, ಸೀರೆ ಅಥವಾ ಪಂಚೆ ಚಾಚಬೇಕು. ಮುಚ್ಚಳ ಬಿಗಿದ ಖಾಲಿ ನೀರಿನ ಕ್ಯಾನ್ ಎಸೆದರೂ ಅದನ್ನು ಹಿಡಿದು ತೇಲಬಹುದು.

ಮೇಲೆತ್ತಿದ ಬಳಿಕ ಹೊಟ್ಟೆ ಒತ್ತಿ ನೀರು ತೆಗೆಯುವುದು, ತಲೆಕೆಳಗಾಗಿ ಹಿಡಿದು ತಿರುಗಿಸುವುದು ಹಳೆಯ ರೂಢಿ. ಇದರಿಂದ ಹೊಟ್ಟೆಯಲ್ಲಿದ್ದುದು ಗಂಟಲಿಗೆ ಬಂದು ಶ್ವಾಸನಾಳ ಕಟ್ಟಬಹುದು. ಅಮೂಲ್ಯ ಸಮಯವೂ ವ್ಯರ್ಥ. ಮುಳುಗಿದವನಿಗೆ ಮೊದಲು ಬೇಕಾದದ್ದು ಉಸಿರು. ಅಂಗಾತ ಮಲಗಿಸಿ, ತಲೆ ಹಿಂದಕ್ಕೆ ಬಾಗಿಸಿ, ಗದ್ದ ಎತ್ತಿ, ಮೂಗು ಹಿಡಿದು, ಬಾಯಿಗೆ ಬಾಯಿಟ್ಟು ಎರಡು ಸಲ ಉಸಿರು ಕೊಡಬೇಕು. ಕೆಲವು ತರಬೇತಿಗಳಲ್ಲಿ ಐದು ಎಂದೂ ಕಲಿಸುತ್ತಾರೆ. ಅಷ್ಟಕ್ಕೂ ಚಲನೆ ಇಲ್ಲದಿದ್ದರೆ ಎದೆಯ ನಡುವೆ ಅಂಗೈಯ ಬುಡವನ್ನಿಟ್ಟು, ನಿಮಿಷಕ್ಕೆ 100ರಿಂದ 120ರ ವೇಗದಲ್ಲಿ, ಸುಮಾರು ಐದು ಸೆಂಟಿಮೀಟರ್ ಆಳಕ್ಕೆ 30 ಸಲ ಒತ್ತಿ, ಮತ್ತೆ ಎರಡು ಉಸಿರು. ಸಹಾಯ ಬರುವವರೆಗೆ ಇದೇ ಕ್ರಮ. ಮಕ್ಕಳಿಗೆ ಒತ್ತಡ ಕಡಿಮೆ ಇರಬೇಕು. ಅದನ್ನು ತರಬೇತಿಯಲ್ಲೇ ಕಲಿಯಬೇಕು. ಎಚ್ಚೆತ್ತು ಕುಳಿತರೂ ಆಸ್ಪತ್ರೆಗೆ ಕರೆದೊಯ್ಯಲೇಬೇಕು; ಕೆಲವು ಗಂಟೆಗಳ ನಂತರ ಉಸಿರಾಟ ಕೆಡುವುದುಂಟು.

ಮನೆ ಬಾಗಿಲಿಗೇ ಬರುವ ನೀರಿನ ಪಾಠವನ್ನು 2005ರ ಜುಲೈ 26 ಕಲಿಸಿತು. ಅಂದು ಸಾಂತಾಕ್ರೂಜ್‌ನಲ್ಲಿ 24 ಗಂಟೆಗಳಲ್ಲಿ ಬಿದ್ದ ಮಳೆ 944 ಮಿಲಿಮೀಟರ್. ನೆರೆ ನೀರಿನಲ್ಲಿ ವಿದ್ಯುತ್ ಹರಿದು ಬಿದ್ದವರನ್ನು ಮುಟ್ಟುವ ಮುನ್ನ ಮೈನ್ ಸ್ವಿಚ್ ಆರಿಸಬೇಕು; ರಸ್ತೆಯಲ್ಲಾದರೆ ದೂರ ನಿಂತು ವಿದ್ಯುತ್ ಕಂಪೆನಿಗೆ, 112ಕ್ಕೆ ತಿಳಿಸಬೇಕು. ಆ ನೀರಿನಲ್ಲಿ ನಡೆದವರಿಗೆ ಇಲಿಜ್ವರದ ಅಪಾಯವಿದೆ. ಕಾಲಿನಲ್ಲಿ ಗಾಯವಿದ್ದರೆ ಇನ್ನೂ ಹೆಚ್ಚು. ಸಾಬೂನಿನಿಂದ ತೊಳೆದು, ಜ್ವರಕ್ಕಾಗಿ ಕಾಯದೆ ಒಂದೆರಡು ದಿನದೊಳಗೆ ವೈದ್ಯರನ್ನು ಕಂಡರೆ ಮುನ್ನೆಚ್ಚರಿಕೆಯ ಔಷಧ ಕೊಡುತ್ತಾರೆ.

ಚೌಪಾಟಿಯಲ್ಲಿ ಬಿಸಿನೀರೇ ಮದ್ದು

2013ರ ಗಣೇಶ ವಿಸರ್ಜನೆಯಂದು ಗಿರ್‌ಗಾಂವ್ ಚೌಪಾಟಿಯಲ್ಲಿ ನೀರಿಗಿಳಿದ ಹತ್ತಾರು ಭಕ್ತರ ಕಾಲಿಗೆ ತೊರಕೆ ಮೀನಿನ ಮುಳ್ಳು ಚುಚ್ಚಿತ್ತು. ಮಳೆಗಾಲದಲ್ಲಿ ಜುಹೂ ಕಡೆ ನೀಲಿ ಬಣ್ಣದ, ಉದ್ದ ಎಳೆಗಳ ಬ್ಲೂ ಬಾಟಲ್ ಜೀವಿಗಳೂ ದಡಕ್ಕೆ ಬರುತ್ತವೆ. ಎರಡಕ್ಕೂ ತಡೆದುಕೊಳ್ಳುವಷ್ಟು ಬಿಸಿಯಾದ ನೀರೇ ಪ್ರಥಮ ಚಿಕಿತ್ಸೆ: ಸುಮಾರು 45 ಡಿಗ್ರಿಯ ನೀರಿನಲ್ಲಿ ಅರ್ಧ ಗಂಟೆಗೂ ಹೆಚ್ಚು ಹೊತ್ತು ಕಾಲಿಟ್ಟರೆ ನೋವು ಇಳಿಯುತ್ತದೆ. ಸುಡದಂತೆ ನೋಡಿಕೊಳ್ಳಲು ಸಹಾಯಕನೇ ಮೊದಲು ಕೈಯಿಟ್ಟು ನೋಡಬೇಕು. ಬ್ಲೂ ಬಾಟಲ್ ಎಳೆಗಳನ್ನು ಬರಿಗೈಯಿಂದ ಮುಟ್ಟಬಾರದು, ಮರಳಿನಿಂದ ಉಜ್ಜಬಾರದು. ಸಮುದ್ರದ ನೀರಿನಿಂದಲೇ ತೊಳೆದು ತೆಗೆಯಬೇಕು. ಆಳಕ್ಕೆ ಹೊಕ್ಕ ಮುಳ್ಳನ್ನು ವೈದ್ಯರೇ ತೆಗೆಯಬೇಕು.

ಊರಿನ ರಜೆಯಲ್ಲಿ

ಮೇ ತಿಂಗಳಲ್ಲಿ ಊರಿಗೆ ಹೋದವರನ್ನು ಸಂಜೆಯ ಗುಡುಗು ಮಳೆ ಸ್ವಾಗತಿಸುತ್ತದೆ. ಗುಡುಗು ಕೇಳಿಸಿದರೆ ಮರದಡಿ ನಿಲ್ಲದೆ ಮನೆಯೊಳಗೆ ಸೇರಬೇಕು. ಸಿಡಿಲು ಬಡಿದವರನ್ನು ಮುಟ್ಟಿದರೆ ಶಾಕ್ ಹೊಡೆಯುತ್ತದೆಂಬ ಭಯಕ್ಕೆ ಆಧಾರವಿಲ್ಲ. ಅವರ ಮೈಯಲ್ಲಿ ವಿದ್ಯುತ್ ಉಳಿದಿರುವುದಿಲ್ಲ. ಉಸಿರಿಲ್ಲದಿದ್ದರೆ ಕೂಡಲೇ ಉಸಿರು ಕೊಟ್ಟು ಎದೆ ಒತ್ತಿದರೆ ಬದುಕುವ ಸಾಧ್ಯತೆ ಹೆಚ್ಚು. ಹಾವು ಕಚ್ಚಿದರೆ ಹಗ್ಗ ಬಿಗಿಯುವುದು, ಕೊಯ್ಯುವುದು, ಚೀಪುವುದು ಯಾವುದೂ ಬೇಡ. ಉಂಗುರ, ಬಳೆ, ಕಾಲ್ಗೆಜ್ಜೆ ತೆಗೆದು, ಆ ಅಂಗವನ್ನು ಅಲುಗಾಡಿಸದೆ, ವಿಷಹಾರಿ ಚುಚ್ಚುಮದ್ದು ಇರುವ ಆಸ್ಪತ್ರೆಗೆ ಸಾಗಿಸಬೇಕು.

ಚಳಿ: ಮುಂಬಯಿಗರಿಗೆ ತಿಳಿಯದ ಶತ್ರು

2024ರ ಜೂನ್ ಮೊದಲ ವಾರ ಉತ್ತರಾಖಂಡದ ಸಹಸ್ರತಾಲ್‌ಗೆ ಕರ್ನಾಟಕದಿಂದ ಹೋಗಿದ್ದ ಚಾರಣ ತಂಡ ಹಿಮಗಾಳಿಗೆ ಸಿಲುಕಿತು. ತಂಡದ ಒಂಬತ್ತು ಮಂದಿ ಹಿಂದಿರುಗಲಿಲ್ಲ. ಊರಲ್ಲಿ ಮುಂಗಾರು ಕಾಯುವ ದಿನಗಳಲ್ಲೇ ಪರ್ವತದ ಮೇಲೆ ಚಳಿ ಕೊಲ್ಲಬಲ್ಲದು. ಕೇದಾರನಾಥವಿರುವುದು 3,583 ಮೀಟರ್ ಎತ್ತರದಲ್ಲಿ. ಒಂದು ತೆಳು ಸ್ವೆಟರ್ ನಂಬಿ ಹೊರಡುವ ಯಾತ್ರಿಗಳು ಇದನ್ನು ಗಮನಿಸಬೇಕು.

ದೇಹದ ಶಾಖ 35 ಡಿಗ್ರಿಗಿಂತ ಇಳಿದರೆ ಅಪಾಯ. ನಡುಕ, ತೊದಲು ಮಾತು, ಎಡವುವ ಕಾಲು, ಎಲ್ಲೆಂದರಲ್ಲಿ ಕುಳಿತುಬಿಡುವುದು ಇದರ ಗುರುತುಗಳು. ನಡುಕ ನಿಂತಿತೆಂದರೆ ಚಳಿ ಬಿಟ್ಟಿತೆಂದಲ್ಲ, ಸ್ಥಿತಿ ಬಿಗಡಾಯಿಸಿತೆಂದು ಅರ್ಥ. ಗಾಳಿ ತಾಗದ ಜಾಗದಲ್ಲಿ ಒದ್ದೆ ಬಟ್ಟೆ ಬದಲಿಸಿ, ನೆಲಕ್ಕೂ ಮೈಗೂ ನಡುವೆ ಕಂಬಳಿ ಹಾಸಿ, ತಲೆಯವರೆಗೆ ಹೊದೆಸಬೇಕು. ಎಚ್ಚರವಿದ್ದರೆ ಬಿಸಿ, ಸಿಹಿ ಚಹಾ ಕೊಡಬಹುದು. ಬ್ರಾಂದಿ, ರಮ್ ಬೆಚ್ಚಗೆ ಮಾಡುತ್ತದೆಂಬುದು ಭ್ರಮೆ. ಚರ್ಮಕ್ಕೆ ರಕ್ತ ಹರಿದು ಒಳಗಿನ ಶಾಖ ಇನ್ನಷ್ಟು ಬೇಗ ಇಳಿಯುತ್ತದೆ. ಮರಗಟ್ಟಿದ ಬೆರಳುಗಳನ್ನು ತಿಕ್ಕಬಾರದು. ದಿಲ್ಲಿಯ ಚಳಿಗಾಲದಲ್ಲಿ ಮುಚ್ಚಿದ ಕೋಣೆಯೊಳಗೆ ಇದ್ದಿಲ ಅಂಗೀಠಿ ಇಟ್ಟು ಮಲಗುವುದಂತೂ ಬೇಡವೇ ಬೇಡ. ಅದರ ವಿಷಾನಿಲಕ್ಕೆ ಬಣ್ಣವಿಲ್ಲ, ವಾಸನೆಯಿಲ್ಲ.

ಸಂಘಗಳು ಮಾಡಬಹುದಾದದ್ದು

ಇದಕ್ಕೆ ದೊಡ್ಡ ನಿಧಿ ಬೇಕಿಲ್ಲ. ಓಆರ್‌ಎಸ್ ಪೊಟ್ಟಣಗಳು, ಎರಡು ಬಕೆಟ್, ಮಂಜುಗಡ್ಡೆಯ ಡಬ್ಬ, ನಾಲ್ಕು ಟವೆಲು, ಒಂದು ಕಂಬಳಿ, ಉದ್ದನೆಯ ಹಗ್ಗ, ಥರ್ಮಾಮೀಟರ್, ಹತ್ತಿ-ಪಟ್ಟಿ. ಇವೆಲ್ಲದರ ವೆಚ್ಚ, ಒಂದು ಸಮಾರಂಭದ ಶಾಲು, ಹಾರ, ಸ್ಮರಣಿಕೆಗಳ ಲೆಕ್ಕದ ಮುಂದೆ ಅಲ್ಪವೇ. ಕೋಶಾಧಿಕಾರಿಗಳು ಇದಕ್ಕೊಂದು ಪ್ರತ್ಯೇಕ ಬಾಬ್ತು ತೆರೆದರೆ ಮಹಾಸಭೆಯಲ್ಲಿ ಯಾರೂ ಆಕ್ಷೇಪಿಸಲಾರರು.

ಸೈಂಟ್ ಜಾನ್ ಆಂಬುಲೆನ್ಸ್, ಭಾರತೀಯ ರೆಡ್ ಕ್ರಾಸ್ ಸೊಸೈಟಿಯಂಥ ಸಂಸ್ಥೆಗಳು ಪ್ರಥಮ ಚಿಕಿತ್ಸೆಯ ತರಬೇತಿ ನೀಡುತ್ತವೆ. ಯುವ ವಿಭಾಗದಿಂದ ಇಬ್ಬರು, ಮಹಿಳಾ ವಿಭಾಗದಿಂದ ಇಬ್ಬರು ಕಲಿತರೆ ಸಂಘಕ್ಕೆ ನಾಲ್ವರು ಸಿದ್ಧರಾದಂತೆ. ಎದೆ ಒತ್ತುವ ಕ್ರಮ ಓದಿ ಬರುವಂಥದ್ದಲ್ಲ, ಕೈಯಿಂದಲೇ ಕಲಿಯುವಂಥದ್ದು. ಬೇಸಿಗೆಯ ಕಾರ್ಯಕ್ರಮಗಳನ್ನು ಬೆಳಿಗ್ಗೆ ಬೇಗ ಮುಗಿಸುವುದು, ವಿಹಾರಕ್ಕೆ ಹೊರಡುವ ಮುನ್ನ ಹವಾಮಾನ ಇಲಾಖೆಯ ಮುನ್ಸೂಚನೆ ನೋಡುವುದು, ಯಾತ್ರೆಗೆ ಹೊರಟ ಹಿರಿಯರ ಕಾಯಿಲೆ, ಔಷಧಗಳ ವಿವರವನ್ನು ಕಾರ್ಯದರ್ಶಿಗಳ ಬಳಿ ಇಡುವುದು ಪದಾಧಿಕಾರಿಗಳ ಕೈಯಲ್ಲೇ ಇದೆ.

ಮುಂದಿನ ಆಮಂತ್ರಣ ಪತ್ರಿಕೆ ಅಚ್ಚಿಗೆ ಹೋಗುವ ಮುನ್ನ ಧನ್ಯವಾದದ ಕೆಳಗೆ ಇನ್ನೊಂದು ಸಾಲು ಸೇರಲಿ: ಪ್ರಥಮ ಚಿಕಿತ್ಸೆ, ಅದರ ಮುಂದೆ ಇಬ್ಬರ ಹೆಸರು. ಆ ಹೆಸರಿನವರಿಗೆ ಅಂದು ಯಾವ ಕೆಲಸವೂ ಬೀಳದಿದ್ದರೆ ಕಾರ್ಯಕ್ರಮ ಯಶಸ್ವಿಯಾಯಿತೆಂದೇ ಲೆಕ್ಕ.